ಸಿಂಗಾಪುರದ ಹಾಡುಗಳು: ಬರೆಸಿದವರು ಯಾರೋ, ಹಾಡುವವರು ಯಾರೋ

ಪ್ರಶ್ನೆ: ನನ್ನ ಮಗ, ಸೊಸೆ ಸಿಂಗಾಪುರದಲ್ಲಿ ನೆಲೆಸಿ ಹನ್ನೆರಡು ವರ್ಷವಾಯಿತು. ಮೊಮ್ಮಗಳು ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ. ಜೂನ್ ರಜೆಗೆ ಊರಿಗೆ ಬಂದಾಗ ದಿನಾ ಬೆಳಿಗ್ಗೆ ಜಗಲಿಯಲ್ಲಿ ನೆಟ್ಟಗೆ ನಿಂತು ಅಲ್ಲಿನ ರಾಷ್ಟ್ರಗೀತೆ ಹಾಡುತ್ತಾಳೆ. ಅದು ಮಲಯ್ ಭಾಷೆಯಂತೆ. ಅವಳ ಕ್ಲಾಸಿನಲ್ಲಿ ಬಹುಪಾಲು ಚೀನೀ ಮಕ್ಕಳು, ಮಲಯ್ ಮಕ್ಕಳು ನಾಲ್ಕೈದು. ಇವಳಿಗಂತೂ ಅರ್ಥವೇ ಗೊತ್ತಿಲ್ಲ. ಹೀಗೇಕೆ? ಜೊತೆಗೆ ಒಂದು ತಮಿಳು ಹಾಡು, ಏಳೆಂಟು ಇಂಗ್ಲಿಷ್ ದೇಶಭಕ್ತಿ ಗೀತೆಗಳು ಬಾಯಿಪಾಠ. ‘ಅವೆಲ್ಲ ಸರ್ಕಾರ ದುಡ್ಡು ಕೊಟ್ಟು ಜಾಹೀರಾತು ಕಂಪನಿಯಿಂದ ಮಾಡಿಸಿದ್ದಮ್ಮ’ ಎಂದು ಮಗ ನಗುತ್ತಾನೆ. ಮೂವತ್ತು ವರ್ಷ ಮಕ್ಕಳಿಗೆ ಹಾಡು ಕಲಿಸಿದವಳು ನಾನು. ದುಡ್ಡು ಕೊಟ್ಟು ಮಾಡಿಸಿದ ಹಾಡಿಗೆ ಜೀವ ಬರುತ್ತದೆಯೇ?
– ನಿವೃತ್ತ ಶಿಕ್ಷಕಿ, ಸಾಗರ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ದೊಡ್ಡದು. ಆದರೆ ಮೊದಲನೆಯದನ್ನು ದಾಟದೆ ಅಲ್ಲಿಗೆ ಹೋಗುವ ಹಾಗಿಲ್ಲ. ಅರ್ಥ ಗೊತ್ತಿಲ್ಲ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ.

ಮುಂದಿನ ರಜೆಗೆ ಮೊಮ್ಮಗಳು ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು ಆ ಹಾಡಿನ ಪದಗಳನ್ನು ಒಂದೊಂದಾಗಿ ಹೇಳಿಸಿ. ‘ಬಹಾಗಿಯ’ ಎನ್ನುತ್ತಾಳೆ. ಅದು ನಮ್ಮ ‘ಭಾಗ್ಯ’. ಮಲಯ್‌ನಲ್ಲಿ ಸುಖ, ಸಂತೋಷ ಎಂಬರ್ಥ. ‘ಚಿತ-ಚಿತ’ ಎನ್ನುತ್ತಾಳೆ. ಅದರ ಬೇರು ‘ಚಿತ್ತ’. ಅಲ್ಲಿ ಮನಸ್ಸಿನ ಹಂಬಲ, ಆದರ್ಶ. ‘ಮುಲಿಯ’ ನಮ್ಮ ‘ಮೂಲ್ಯ’. ಬೆಲೆಯುಳ್ಳದ್ದು, ಆದ್ದರಿಂದ ಉದಾತ್ತವಾದದ್ದು. ‘ಬರ್‌ಜಯ’ದೊಳಗೆ ‘ಜಯ’ ಕೂತಿದೆ. ಊರಿನ ಹೆಸರೇ ಸಿಂಹಪುರ. ಇನ್ನು ‘ರಕ್ಯತ್’ ಎಂದರೆ ಪ್ರಜೆಗಳು. ಅದು ಅರಬ್ಬಿ ಮೂಲದ ಪದ. ಅದೇ ಪದ ಪಾರಸಿ ಬರವಣಿಗೆಯ ಕಚೇರಿಗಳ ದಾರಿ ಹಿಡಿದು ನಮ್ಮಲ್ಲಿಗೆ ಬಂದಾಗ ‘ರೈತ’ ಆಯಿತು. ಅಲ್ಲಿ ಇಡೀ ಪ್ರಜಾಸಮೂಹವಾಗಿ ಉಳಿದದ್ದು ಇಲ್ಲಿ ನೇಗಿಲು ಹಿಡಿಯಿತು, ಅಷ್ಟೆ. ಮಲಯ್ ಒಂದಕ್ಷರ ಕಲಿಯದ ಸಾಗರದ ಅಜ್ಜಿಗೆ ಆ ಹಾಡಿನ ಮುಖ್ಯ ಪದಗಳೆಲ್ಲ ಹಳೇ ಪರಿಚಯದವೇ. ಮೊಮ್ಮಗಳಿಗೆ ಅದನ್ನು ನೀವೇ ಹೇಳಿಕೊಡಿ. ಶಾಲೆಯಲ್ಲಿ ಈ ರೀತಿ ಹೇಳಿಕೊಡುವವರು ಇರಲಾರರು.

ಹಾಡಿನ ಹೆಸರು ‘ಮಜುಲಾ ಸಿಂಗಾಪುರ’. ಮುನ್ನಡೆ ಸಿಂಗಾಪುರ ಎಂದರ್ಥ. ಬರೆದು ರಾಗ ಹಾಕಿದವರು ಜುಬೀರ್ ಸಯೀದ್. ಅವರ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಎರಡೂ ಪ್ರಶ್ನೆಗಳ ಉತ್ತರ ಅದರಲ್ಲಿ ಅರ್ಧ ಇದೆ.

ಜುಬೀರ್ ಸಯೀದ್ ಸಿಂಗಾಪುರದವರೇ ಅಲ್ಲ. 1907ರಲ್ಲಿ ಹುಟ್ಟಿದ್ದು ಸುಮಾತ್ರಾದ ಬುಕಿತ್‌ತಿಂಗಿಯಲ್ಲಿ, ಮಿನಂಗ್‌ಕಬಾವ್ ಜನಾಂಗದಲ್ಲಿ. ಅಪ್ಪ ಊರ ಪಟೇಲ. ಸಂಗೀತವೆಂದರೆ ಧರ್ಮಕ್ಕೆ ಹೊಂದದ ಕೆಲಸ ಎಂದು ನಂಬಿದ್ದ ಮನುಷ್ಯ. ಕೊಳಲು, ಗಿಟಾರ್ ಹುಚ್ಚಿನ ಮಗ 1928ರಲ್ಲಿ ಸರಕು ಹಡಗು ಹತ್ತಿ ಸಿಂಗಾಪುರಕ್ಕೆ ಹೊರಟ. ಆ ಊರಿನಲ್ಲಿ ಝಗಮಗಿಸುವ ದೀಪಗಳು, ಹಾಲು ಹಾಕಿದ ಕಾಫಿ, ಬೆಣ್ಣೆ ಎಲ್ಲ ಸಿಗುತ್ತವೆ ಎಂದು ಯಾರೋ ಹೇಳಿದ್ದರಂತೆ. ಮಲೆನಾಡಿನಿಂದ ಬೊಂಬಾಯಿಗೆ ಓಡಿಹೋದ ಹುಡುಗರ ಕಥೆ ನೀವೂ ಕೇಳಿದ್ದೀರಿ, ಇದೂ ಅದೇ ಜಾತಿಯದು. ಬಂದವನು ಸೇರಿಕೊಂಡದ್ದು ‘ಬಂಗ್ಸಾವಾನ್’ ನಾಟಕ ಕಂಪನಿಗೆ. ಬಂಗ್ಸಾವಾನ್ ಎಂದರೆ ಮಲಯ್ ಜನರ ಕಂಪನಿ ನಾಟಕ. ಹತ್ತೊಂಬತ್ತನೇ ಶತಮಾನದಲ್ಲಿ ಇಂಡಿಯಾದಿಂದ ಮಲಯಕ್ಕೆ ಹೋದ ಪಾರ್ಸಿ ನಾಟಕ ಮಂಡಳಿಗಳನ್ನು ನೋಡಿ ಹುಟ್ಟಿದ್ದು. ನಮ್ಮ ಕಂಪನಿ ನಾಟಕಗಳ ಪರದೆ, ಹಾರ್ಮೋನಿಯಂ, ರಂಗಗೀತೆಗಳ ಮೇಲೂ ಅದೇ ಪಾರ್ಸಿ ನೆರಳು ಬಿದ್ದಿತ್ತು. ಹೀಗಾಗಿ ಜುಬೀರ್ ಸಯೀದ್ ಸಂಗೀತ ಕಲಿತ ಗರಡಿ ಗುಬ್ಬಿ ಕಂಪನಿಯವರಿಗೆ ತೀರ ಅಪರಿಚಿತವಾದದ್ದೇನಲ್ಲ. ಅಂದ ಹಾಗೆ ‘ಬಂಗ್ಸಾ’ ಎಂಬುದು ನಮ್ಮ ‘ವಂಶ’.

ಆಮೇಲೆ ಗ್ರಾಮಫೋನ್ ಕಂಪನಿ, ಯುದ್ಧದ ನಂತರ ಸಿನಿಮಾ ಸ್ಟುಡಿಯೊ. 1957ರ ಹೊತ್ತಿಗೆ ಸಿಂಗಾಪುರ ಇನ್ನೂ ಬ್ರಿಟಿಷರ ವಸಾಹತು. ಅಲ್ಲಿನ ನಗರಸಭೆ ತನ್ನ ವಿಕ್ಟೋರಿಯಾ ಥಿಯೇಟರನ್ನು ದುರಸ್ತಿ ಮಾಡಿಸುತ್ತಿತ್ತು. ಅದರ ಮರುಉದ್ಘಾಟನೆಗೆ ಒಂದು ಹಾಡು ಬೇಕು ಎಂದು ಜುಬೀರ್ ಅವರನ್ನು ಕೇಳಿದರು. 1958ರ ಸೆಪ್ಟೆಂಬರ್ 6ರಂದು ಹಾಡು ಮೊದಲ ಸಲ ವೇದಿಕೆಯ ಮೇಲೆ ಕೇಳಿಸಿತು. ಮರುವರ್ಷ ಸಿಂಗಾಪುರಕ್ಕೆ ಸ್ವಯಮಾಡಳಿತ ಸಿಕ್ಕಿತು. ಬಾವುಟ ಬೇಕು, ಲಾಂಛನ ಬೇಕು, ಗೀತೆ ಬೇಕು. ಜನಕ್ಕೆ ಆಗಲೇ ಕಿವಿಗೆ ಬಿದ್ದಿದ್ದ ಈ ಹಾಡನ್ನೇ ಸ್ವಲ್ಪ ಮೊಟಕುಗೊಳಿಸಿ ತೆಗೆದುಕೊಂಡರು. 1959ರ ಡಿಸೆಂಬರ್ 3ರಂದು ಮೂರೂ ಒಟ್ಟಿಗೆ ಜನರೆದುರು ಬಂದವು. 1965ರ ಆಗಸ್ಟ್ 9ರಂದು ಸಿಂಗಾಪುರ ಮಲೇಷಿಯಾದಿಂದ ಬೇರ್ಪಟ್ಟು ಸ್ವತಂತ್ರ ದೇಶವಾದಾಗ ಅದೇ ರಾಷ್ಟ್ರಗೀತೆಯಾಯಿತು.

ಇಲ್ಲಿ ಸ್ವಲ್ಪ ನಿಲ್ಲಿ. ದೇಶಕ್ಕಿಂತ ಹಾಡು ಏಳು ವರ್ಷ ದೊಡ್ಡದು. ಮತ್ತು ಅದು ನಗರಸಭೆಯೊಂದು ತನ್ನ ರಂಗಮಂದಿರದ ಗೃಹಪ್ರವೇಶಕ್ಕೆ ಬರೆಸಿದ ಹಾಡು! ‘ಬರೆಸಿದ್ದು’ ಎಂದು ನಿಮ್ಮ ಮಗ ನಗುವುದಾದರೆ ರಾಷ್ಟ್ರಗೀತೆಯಿಂದಲೇ ಶುರು ಮಾಡಬೇಕಾಗುತ್ತದೆ.

ಈಗ ಮಲಯ್ ಏಕೆ ಎಂಬ ಮಾತು. ಅಲ್ಲಿ ಸುಮಾರು ಮುಕ್ಕಾಲು ಪಾಲು ಜನ ಚೀನೀ ಮೂಲದವರು, ಮಲಯ್ ಜನ ನೂರಕ್ಕೆ ಹದಿಮೂರು ಹದಿನಾಲ್ಕು, ಭಾರತೀಯ ಮೂಲದವರು ಒಂಬತ್ತರ ಆಸುಪಾಸು. ಆಡಳಿತ ಭಾಷೆಗಳು ನಾಲ್ಕು: ಮಲಯ್, ಮ್ಯಾಂಡರಿನ್, ತಮಿಳು, ಇಂಗ್ಲಿಷ್. ಇವುಗಳಲ್ಲಿ ‘ರಾಷ್ಟ್ರಭಾಷೆ’ ಎಂಬ ಪಟ್ಟ ಮಲಯ್‌ಗೆ. 1959ರಲ್ಲಿ ಸಿಂಗಾಪುರದ ನಾಯಕರು ಸ್ವತಂತ್ರ ದೇಶದ ಕನಸು ಕಾಣುತ್ತಿರಲಿಲ್ಲ. ನೆರೆಯ ಮಲಯದೊಂದಿಗೆ ಸೇರಿಕೊಳ್ಳುವುದು ಅವರ ಗುರಿಯಾಗಿತ್ತು. ಸೇರಬೇಕಾದ ಮನೆಯ ಭಾಷೆ ಮಲಯ್. ಇದು ರಾಜಕೀಯದ ಕಾರಣ. ಇನ್ನೊಂದು ಸಂತೆಯ ಕಾರಣ. ಹೊಕ್ಕಿಯೆನ್ ಎಂಬ ಚೀನೀ ನುಡಿ ಆಡುವ ಅಂಗಡಿಯವನೂ ತಮಿಳು ಆಡುವ ಬಂದರು ಕೂಲಿಯೂ ವ್ಯಾಪಾರಕ್ಕೆ ಕೂತರೆ ನಡುವೆ ಓಡಾಡುತ್ತಿದ್ದದ್ದು ಮುರುಕು ಮಲಯ್. ಹಾಡಿನಲ್ಲಿ ಕಠಿಣ ಪದ ಬೇಡ, ಎಲ್ಲ ಜನಾಂಗದವರ ಬಾಯಿಗೂ ಸಲೀಸಾಗಿ ಹೊರಳಬೇಕು ಎಂದು ಜುಬೀರ್ ಯೋಚಿಸಿದ್ದರು. 1963ರಲ್ಲಿ ಸೇರಿದ್ದೂ ಆಯಿತು, 1965ರಲ್ಲಿ ಹೊರಬಂದದ್ದೂ ಆಯಿತು. ಸೇರಲಿಕ್ಕಾಗಿ ಹೊಂದಿಸಿದ್ದ ಹಾಡನ್ನು ಹೊರಬಂದ ಮೇಲೂ ಬಿಡಲಿಲ್ಲ. ನನ್ನ ದೃಷ್ಟಿಯಲ್ಲಿ ಆ ದೇಶ ಸಂಗೀತದ ವಿಷಯದಲ್ಲಿ ಮಾಡಿದ ಅತಿ ಜಾಣ ಕೆಲಸ ಅದು. ಬಹುಸಂಖ್ಯಾತರು ತಮ್ಮ ಭಾಷೆಯನ್ನು ಹಾಡಿಗೆ ಹೇರದಿದ್ದರೆ ಉಳಿದವರಿಗೆ ಉಸಿರಾಡಲು ಜಾಗ ಸಿಗುತ್ತದೆ. ನಾವೂ 1950ರಿಂದ ಬಂಗಾಳದ ಕವಿಯ, ಬಂಗಾಳಿ ಭಾಷೆಯ ಗೀತೆಗೆ ಎದ್ದು ನಿಲ್ಲುತ್ತಿದ್ದೇವೆ. ಅದು ಬಂಗಾಳಿ ಎಂಬ ನೆನಪೂ ನಮಗಿಲ್ಲ. ಅದರಲ್ಲಿ ಸಂಸ್ಕೃತ ದಟ್ಟವಾಗಿರುವುದರಿಂದ ‘ನಮ್ಮದೇ’ ಎನ್ನಿಸಿಬಿಟ್ಟಿದೆ. ಅಲ್ಲಿನ ಚೀನೀ ಹುಡುಗನಿಗೆ ಆ ಸೌಕರ್ಯವೂ ಇಲ್ಲ.

ಒಂದು ಸೂಕ್ಷ್ಮ ಗಮನಿಸಿ. ಅಲ್ಲಿನ ಶಾಲೆಗಳಲ್ಲಿ ರಾಷ್ಟ್ರಗೀತೆಯ ಬೆನ್ನಿಗೇ ಪ್ರತಿಜ್ಞೆ ಹೇಳಿಸುತ್ತಾರೆ. ಅದನ್ನು 1966ರಲ್ಲಿ ರೂಪಿಸಿದವರು ಎಸ್. ರಾಜರತ್ನಂ, ಜಾಫ್ನಾ ಮೂಲದ ತಮಿಳರು. ಪ್ರತಿಜ್ಞೆಯನ್ನು ನಾಲ್ಕರಲ್ಲಿ ಯಾವ ಭಾಷೆಯಲ್ಲಾದರೂ ಹೇಳಬಹುದು. ಗೀತೆಯನ್ನು ಮಾತ್ರ ಮಲಯ್‌ನಲ್ಲೇ ಹಾಡಬೇಕು. ಅನುವಾದ ಓದಿಕೊಳ್ಳಬಹುದು, ಹಾಡುವ ಹಾಗಿಲ್ಲ. ಹದಿನೆಂಟು ತುಂಬಿದ ಹುಡುಗರು ಕಡ್ಡಾಯ ಸೇನಾ ತರಬೇತಿಗೆ ಹೋದರೆ ಅಲ್ಲಿನ ಕವಾಯತಿನ ಆಜ್ಞೆಗಳೂ ಮಲಯ್‌ನಲ್ಲೇ. ‘ಸೆದಿಯ’ ಎಂದರೆ ಸಾವಧಾನ್. ಮನೆಯಲ್ಲಿ ಮಾತಾಡದ ಭಾಷೆ ಮೈದಾನದಲ್ಲಿ ಕಾಲಿನ ಭಾಷೆಯಾಗುತ್ತದೆ. ಅರ್ಥ ತಿಳಿಯದೆ ಹಾಡುವುದು ಸರಿಯೇ ಎಂಬ ಕೊರಗು ಅಲ್ಲಿನವರಿಗೂ ಆಗಾಗ ಏಳುತ್ತದೆ. ಅವರ ಸಾವಿರ ಡಾಲರ್ ನೋಟಿನ ಹಿಂಬದಿಯಲ್ಲಿ ಇಡೀ ಗೀತೆಯನ್ನು ಭೂತಗನ್ನಡಿಗೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಅರ್ಥದ ಪರಿಸ್ಥಿತಿಗೆ ಅದಕ್ಕಿಂತ ಒಳ್ಳೆಯ ಚಿತ್ರ ಬೇಕಿಲ್ಲ!

ಹಾಡು ಕಲಿಸಿದವರಾದ್ದರಿಂದ ನಿಮಗೆ ಇದು ಹಿಡಿಸೀತು: ಮೊದಲು ಗೀತೆ ಜಿ ಮೇಜರ್‌ನಲ್ಲಿತ್ತು. ನಮ್ಮ ಲೆಕ್ಕದಲ್ಲಿ ಐದು ಮನೆ ಶ್ರುತಿ. ಮೇಲಿನ ಸ್ವರಗಳಿಗೆ ಸಾಮಾನ್ಯರ ಗಂಟಲು ಏರದೆ ಕೀರಲಾಗುತ್ತಿತ್ತು. 2001ರಲ್ಲಿ ಸಂಯೋಜಕ ಫೂನ್ ಯೂ ತಿಯೆನ್ ಅದನ್ನು ಎಫ್ ಮೇಜರ್‌ಗೆ, ಅಂದರೆ ನಾಲ್ಕು ಮನೆಗೆ ಇಳಿಸಿ ಹೊಸದಾಗಿ ಜೋಡಿಸಿದರು. ಜನ ಹಾಡಲಿ ಎಂದು ಶ್ರುತಿಯನ್ನೇ ಇಳಿಸಿದ ಸರ್ಕಾರ ಎಂದರೆ ನನಗೆ ಗೌರವ. ನಮ್ಮ ನಾಡಗೀತೆಯನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕು ಎಂದು ನಾವು ವರ್ಷಗಟ್ಟಲೆ ಜಗ್ಗಾಡಿ, 2022ರಲ್ಲಿ ಮೈಸೂರು ಅನಂತಸ್ವಾಮಿ ಅವರ ಧಾಟಿ, ಎರಡೂವರೆ ನಿಮಿಷ ಎಂದು ಆದೇಶವಾಗುವವರೆಗೆ ಕಾದೆವು. ನೀವು ಶಾಲೆಯಲ್ಲಿ ಎಷ್ಟು ಬಗೆಯಲ್ಲಿ ಹಾಡಿಸಿದ್ದೀರೋ!

ಭಾರತೀಯನಲ್ಲ, ಚೀನೀಯನಲ್ಲ, ಸಿಂಗಾಪುರದಲ್ಲಿ ಹುಟ್ಟಿದವನೂ ಅಲ್ಲದ ಜುಬೀರ್ ಸಯೀದ್ ಆ ಹಾಡಿನ ಬಗ್ಗೆ ಹೇಳುವಾಗ ಒಂದು ಮಲಯ್ ಗಾದೆ ನೆನೆಯುತ್ತಿದ್ದರು: ಯಾವ ಭೂಮಿಯನ್ನು ಮೆಟ್ಟಿದ್ದೀಯೋ ಅಲ್ಲಿನ ಆಕಾಶವನ್ನೇ ತಲೆಯ ಮೇಲೆ ಹೊರು. ಮಲಯ್‌ನಲ್ಲೂ ಅಲ್ಲಿ ಬರುವ ಪದ ‘ಬುಮಿ’. 1987ರಲ್ಲಿ ತೀರಿಕೊಂಡರು. ಅಲ್ಲಿನ ಕಲಾಶಾಲೆಯ ಮುಂದಿನ ರಸ್ತೆಗೆ ಈಗ ಅವರದೇ ಹೆಸರು.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಇದಕ್ಕೆ ಮೊದಲು ಸರ್ಕಾರ ಕೈಯಿಡದ ಕಾಲದಲ್ಲಿ ಅಲ್ಲಿ ಏನು ಕೇಳಿಸುತ್ತಿತ್ತು ಎಂದು ನೋಡಬೇಕು. ಕೇಳಿಸುತ್ತಿದ್ದದ್ದು ಭರಪೂರ. ಐವತ್ತರ ದಶಕದಲ್ಲಿ ಸಿಂಗಾಪುರದ ಜಲಾನ್ ಅಂಪಾಸ್ ರಸ್ತೆಯಲ್ಲಿದ್ದ ಸ್ಟುಡಿಯೊ ಮಲಯ್ ಚಿತ್ರರಂಗದ ತವರು. ಬಂಡವಾಳ ಚೀನೀಯರದು, ನಟರು ಮಲಯ್ ಜನ, ನಿರ್ದೇಶಕರು ನಮ್ಮವರು: ಬಿ. ಎಸ್. ರಾಜಹಂಸ, ಎಲ್. ಕೃಷ್ಣನ್, ಫಣಿ ಮಜುಂದಾರ್. ಆದ್ದರಿಂದಲೇ ಆ ಚಿತ್ರಗಳಲ್ಲಿ ಕಥೆಯ ನಡುವೆ ಹಾಡು, ಹಾಡಿಗೆ ಕುಣಿತ. ನೋಡಿದರೆ ಕಪ್ಪುಬಿಳುಪಿನ ಹಿಂದಿ ಸಿನಿಮಾವೇ ಎನ್ನಬೇಕು. ಪೆನಾಂಗಿನ ಪಿ. ರಮ್ಲಿ ಎಂಬ ಹುಡುಗನನ್ನು ರಾಜಹಂಸ ಕರೆತಂದರು. ಅವನು ಹಾಡಿದ, ನಟಿಸಿದ, ರಾಗ ಹಾಕಿದ, ಕೊನೆಗೆ ನಿರ್ದೇಶನವನ್ನೂ ಮಾಡಿದ. ನಮಗೆ ರಾಜ್‌ಕುಮಾರ್ ಹೇಗೋ ಮಲಯ್ ಜನಕ್ಕೆ ರಮ್ಲಿ ಹಾಗೆ ಎಂದರೆ ಪೂರ್ತಿ ಸರಿಯಾಗದು, ಪೂರ್ತಿ ತಪ್ಪೂ ಆಗದು. ಅರವತ್ತರಲ್ಲಿ ಗಿಟಾರ್ ಬ್ಯಾಂಡುಗಳ ಕಾಲ. 1961ರಲ್ಲಿ ಇಂಗ್ಲೆಂಡಿನ ಗಾಯಕ ಕ್ಲಿಫ್ ರಿಚರ್ಡ್ ಮತ್ತು ಅವರ ಶ್ಯಾಡೋಸ್ ತಂಡ ಬಂದು ನುಡಿಸಿ ಹೋದ ಮೇಲೆ ಬೀದಿಬೀದಿಗೆ ಬ್ಯಾಂಡು. ದಿ ಕ್ವೆಸ್ಟ್ಸ್ ಎಂಬ ಸ್ಥಳೀಯ ತಂಡದ ವಾದ್ಯಗೀತೆಯೊಂದು 1964ರಲ್ಲಿ ಊರಿನ ಜನಪ್ರಿಯ ಪಟ್ಟಿಯಲ್ಲಿ ಬೀಟಲ್ಸನ್ನೇ ಕೆಳಗಿಳಿಸಿತ್ತು.

ಆಮೇಲೆ ಸರ್ಕಾರ ಹುಬ್ಬು ಗಂಟಿಕ್ಕಿತು. ಎಪ್ಪತ್ತರ ದಶಕದಲ್ಲಿ ಉದ್ದ ಕೂದಲು ಬಿಟ್ಟ ಗಂಡಸರಿಗೆ ಕಚೇರಿಗಳಲ್ಲಿ ಕೊನೆಯ ಸರದಿ ಎಂದು ಬೋರ್ಡು ಹಾಕಿದ್ದರು. ಗಿಟಾರ್ ಹಿಡಿದವನ ಮೇಲೆ ಅನುಮಾನ. 1974ರಲ್ಲಿ ಡಿಕ್ ಲೀ ಎಂಬ ಹದಿಹರೆಯದ ಹುಡುಗ ಫ್ರೈಡ್ ರೈಸ್ ಮೇಲೊಂದು ತಮಾಷೆ ಹಾಡು ಕಟ್ಟಿದ. ಅದರಲ್ಲಿದ್ದದ್ದು ಬೀದಿಯ ಇಂಗ್ಲಿಷ್. ಅಲ್ಲಿನವರು ಸಿಂಗ್ಲಿಷ್ ಎನ್ನುತ್ತಾರೆ. ಮಕ್ಕಳು ಕೆಟ್ಟ ಇಂಗ್ಲಿಷ್ ಕಲಿತಾರು ಎಂದು ರೇಡಿಯೊ ಅದನ್ನು ಹಾಕಲಿಲ್ಲ. ಈ ಹುಡುಗನ ಹೆಸರು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇದಕ್ಕಿಂತ ಕಠಿಣವಾದದ್ದು 1979ರಲ್ಲಿ ಶುರುವಾದ ‘ಮ್ಯಾಂಡರಿನ್ ಮಾತಾಡಿ’ ಚಳವಳಿ. ಸಿಂಗಾಪುರದ ಚೀನೀಯರ ಮನೆಮಾತು ಮ್ಯಾಂಡರಿನ್ ಆಗಿರಲಿಲ್ಲ. ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನೀಸ್, ಹಕ್ಕಾ, ಹೈನಾನೀಸ್. ಇವನ್ನು ಅಲ್ಲಿ ‘ಉಪಭಾಷೆ’ ಎನ್ನುತ್ತಾರೆ. ಆದರೆ ಮ್ಯಾಂಡರಿನ್‌ಗೂ ಹೊಕ್ಕಿಯೆನ್‌ಗೂ ಇರುವ ದೂರ ಕನ್ನಡಕ್ಕೂ ತುಳುವಿಗೂ ಇರುವಷ್ಟಾದರೂ ಹೌದು. ಒಂದೇ ಚೀನೀ ಭಾಷೆ ಇರಲಿ ಎಂದು ಉಳಿದವನ್ನೆಲ್ಲ ರೇಡಿಯೊ, ಟೀವಿಯಿಂದ ಕೆಲವೇ ವರ್ಷಗಳಲ್ಲಿ ತೆಗೆದರು. ಅಜ್ಜಿಯರು ದಿನವೂ ಕೇಳುತ್ತಿದ್ದ ಕ್ಯಾಂಟನೀಸ್ ಕಥೆ ಹೇಳುವ ಧ್ವನಿ ನಿಂತುಹೋಯಿತು. ನಾಲ್ಕು ಭಾಷೆಗಳ ಸಾಮರಸ್ಯ ಎಂದು ಹೊರಗಿನವರು ಹೊಗಳುವಾಗ ಈ ಲೆಕ್ಕ ಯಾರೂ ಹಾಕುವುದಿಲ್ಲ. ನಾಲ್ಕು ಭಾಷೆಗಳಿಗೆ ಆಸನ ಸಿಕ್ಕಿದ್ದು ನಿಜ, ಹತ್ತಾರು ಭಾಷೆಗಳು ನಿಂತೇ ಇದ್ದದ್ದೂ ನಿಜ.

ಆದರೆ ಹಾಡು ಎಲ್ಲಿ ಸುಮ್ಮನಿದ್ದೀತು? ಎಂಬತ್ತರ ಆರಂಭದಲ್ಲಿ ಕಾಲೇಜು ಹುಡುಗರು ಗಿಟಾರ್ ಹಿಡಿದು ಕ್ಯಾಂಟೀನಿನಲ್ಲಿ ಕೂತು ಮ್ಯಾಂಡರಿನ್‌ನಲ್ಲೇ ತಮ್ಮ ಹಾಡು ಕಟ್ಟತೊಡಗಿದರು. ಅದಕ್ಕೆ ‘ಶಿನ್‌ಯಾವ್’ ಎಂದು ಹೆಸರಾಯಿತು, ಸಿಂಗಾಪುರದ ಹಾಡು ಎಂದರ್ಥ. ಗೆಳೆತನ, ಪರೀಕ್ಷೆ, ಊರಿನ ಮಳೆ. ನಮ್ಮ ಭಾವಗೀತೆಯ ಕ್ಯಾಸೆಟ್ಟುಗಳು ಮನೆಮನೆ ಹೊಕ್ಕ ಕಾಲವೂ ಅದೇ, ಮನೋಧರ್ಮವೂ ಹತ್ತಿರದ್ದೇ. ನಮ್ಮಲ್ಲಿ ಕವಿ ಬೇರೆ ಗಾಯಕ ಬೇರೆ, ಅವರಲ್ಲಿ ಇಬ್ಬರೂ ಒಬ್ಬನೇ. ಅವರಲ್ಲಿ ಹೆಸರು ಮಾಡಿದವರು ಲಿಯಾಂಗ್ ವೆರ್ನ್ ಫುಕ್. 1990ರಲ್ಲಿ ಅವರು ಗುಬ್ಬಚ್ಚಿಯ ಮೇಲೊಂದು ಹಾಡು ಮಾಡಿ ಅದರಲ್ಲಿ ಕ್ಯಾಂಟನೀಸ್ ಸಾಲುಗಳನ್ನು ಇಟ್ಟರು. ಅಷ್ಟಕ್ಕೇ ಹಾಡು ಪ್ರಸಾರಕ್ಕೆ ಅನರ್ಹ. ಇಪ್ಪತ್ಮೂರು ವರ್ಷ ಕಳೆದು 2013ರಲ್ಲಿ ನಿರ್ಬಂಧ ಸಡಿಲವಾಯಿತು. ಅಷ್ಟರಲ್ಲಿ, 2010ರಲ್ಲೇ, ಅವರಿಗೆ ದೇಶದ ಅತ್ಯುನ್ನತ ಸಂಸ್ಕೃತಿ ಪ್ರಶಸ್ತಿ ಬಂದಾಗಿತ್ತು.

ಇನ್ನು ಹೊಕ್ಕಿಯೆನ್ ಹಾಡು ಬೀದಿಯಲ್ಲಿ ಬದುಕಿತು. ಚೀನೀ ಪಂಚಾಂಗದ ಏಳನೇ ತಿಂಗಳು ಪಿತೃಗಳು ಭೂಮಿಗೆ ಬರುತ್ತಾರೆಂಬ ನಂಬಿಕೆ, ನಮ್ಮ ಪಿತೃಪಕ್ಷದ ಹಾಗೆ. ಆಗ ವಸತಿ ಕಟ್ಟಡಗಳ ಬಯಲುಗಳಲ್ಲಿ ‘ಗೇತಾಯ್’ ಎಂಬ ಹಾಡಿನ ವೇದಿಕೆ ಏಳುತ್ತದೆ. ಮಿರಮಿರ ಮಿನುಗುವ ಉಡುಪು, ಜೋರು ತಾಳ, ದ್ವಂದ್ವಾರ್ಥದ ಜೋಕು, ಹೊಕ್ಕಿಯೆನ್ ಹಾಡು. ಮುಂದಿನ ಸಾಲಿನ ಕುರ್ಚಿಗಳು ಖಾಲಿ. ಅವು ಸತ್ತವರಿಗೆ ಮೀಸಲು. ತಿಳಿಯದೆ ಅಲ್ಲಿ ಕೂತ ಪ್ರವಾಸಿಯನ್ನು ಪಕ್ಕದ ಮುದುಕಿ ಎಬ್ಬಿಸಿಬಿಡುತ್ತಾಳೆ. ಟೀವಿಗೆ ಬೇಡವಾದ ಭಾಷೆ ಪಿತೃಗಳಿಗೆ ಬೇಕಾಯಿತು!

ನಿಮ್ಮ ಮಗ ಹೇಳಿದ ಹಾಡುಗಳು ಈ ಹಿನ್ನೆಲೆಯಲ್ಲಿ ಬಂದವು. 1984, ಸ್ವಯಮಾಡಳಿತಕ್ಕೆ ಇಪ್ಪತ್ತೈದು ವರ್ಷ. ‘ಸ್ಟ್ಯಾಂಡ್ ಅಪ್ ಫಾರ್ ಸಿಂಗಾಪುರ್’ ಬಂತು. 1986ರಲ್ಲಿ ‘ಕೌಂಟ್ ಆನ್ ಮಿ ಸಿಂಗಾಪುರ್’. ಹಿಂದಿನ ವರ್ಷವಷ್ಟೇ ಆರ್ಥಿಕ ಹಿಂಜರಿತದ ಪೆಟ್ಟು ಬಿದ್ದಿತ್ತು, ಜನಕ್ಕೆ ಧೈರ್ಯ ತುಂಬಬೇಕಿತ್ತು. 1987ರಲ್ಲಿ ‘ವಿ ಆರ್ ಸಿಂಗಾಪುರ್’. ರಾಜರತ್ನಂ ಅವರ ಪ್ರತಿಜ್ಞೆಯನ್ನೇ ಅದರೊಳಗೆ ಸೇರಿಸಿದ್ದಾರೆ. ಮೂರೂ ಮ್ಯಾಕ್‌ಕ್ಯಾನ್ ಎರಿಕ್ಸನ್ ಜಾಹೀರಾತು ಸಂಸ್ಥೆಯ ಹ್ಯೂ ಹ್ಯಾರಿಸನ್ ಕೈಯಿಂದ ಬಂದವು. ಮಗ ಹೇಳಿದ್ದು ಸುಳ್ಳಲ್ಲ. ಹಾಡುಗಳ ಕಟ್ಟಡವನ್ನು ನೋಡಿದರೂ ಗೊತ್ತಾಗುತ್ತದೆ: ಚಿಕ್ಕ ಸಾಲು, ಏರುತ್ತ ಹೋಗುವ ಪಲ್ಲವಿ, ಹೆಸರನ್ನು ಮತ್ತೆ ಮತ್ತೆ ಕೂಗುವುದು. ಸೋಪು ಮಾರುವ ಹಾಡಿಗೂ ಇದೇ ವ್ಯಾಕರಣ. ಟೀವಿಯಲ್ಲಿ ದಿನಕ್ಕೆ ಎಷ್ಟೋ ಸಲ ಬರುತ್ತಿದ್ದವು, ಶಾಲೆಗಳಲ್ಲಿ ಅಭ್ಯಾಸ ಮಾಡಿಸುತ್ತಿದ್ದರು. ಬಾಯಿಪಾಠವಾಗದೆ ಇನ್ನೇನು?

ಆ ಎರಡನೆಯ ಹಾಡಿನದು ಮುಂಬೈಗೂ ಅಂಟಿದ ಒಂದು ಕಥೆಯಿದೆ. 2021ರ ಮಾರ್ಚಿನಲ್ಲಿ ಒಂದು ವಿಡಿಯೊ ಹರಿದಾಡಿತು. ಭಾರತದ ಮಕ್ಕಳು ಅದೇ ರಾಗ, ಹೆಚ್ಚುಕಡಿಮೆ ಅದೇ ಮಾತುಗಳನ್ನು ಹಾಡುತ್ತಿದ್ದಾರೆ. ಸಿಂಗಾಪುರ ಇದ್ದಲ್ಲಿ ಇಂಡಿಯಾ. ಸಿಂಗಾಪುರದವರು ಕೆರಳಿದರು. ಮುಂಬೈನ ಸಂಗೀತ ಶಿಕ್ಷಕರೊಬ್ಬರು ಅದನ್ನು ತಾವು 1983ರಲ್ಲೇ ಮಾಡಿದ್ದೆಂದೂ ಮೂಲ ಟೇಪುಗಳು 2005ರ ಪ್ರವಾಹದಲ್ಲಿ ಹೋದವೆಂದೂ ಹೇಳಿದರು. ಸಿಂಗಾಪುರದ ಸಚಿವಾಲಯ ವಿಚಾರಿಸಿದಾಗ ಆ ಮಾತನ್ನು ಹಿಂತೆಗೆದುಕೊಂಡರು. ಹಾಡು ಹ್ಯಾರಿಸನ್ ಅವರದೇ ಎಂದು ತೀರ್ಮಾನವಾಯಿತು. ನನಗೆ ಇದರಲ್ಲಿ ಎರಡು ಸಂಗತಿ ಕಂಡವು. ಒಂದು, ದೇಶದ ಹೆಸರು ಬದಲಿಸಿದರೂ ಹಾಡಿಗೆ ಏನೂ ಆಗಲಿಲ್ಲ. ಯಾರ ಮೈಗೂ ಒಪ್ಪುವ ರೆಡಿಮೇಡ್ ಅಂಗಿ ಅದು. ಇನ್ನೊಂದು, ‘ಸರ್ಕಾರದ ಜಾಹೀರಾತು’ ಎಂದು ಮೂವತ್ತೈದು ವರ್ಷ ಗೇಲಿ ಮಾಡಿದವರೇ ಅಂದು ‘ನಮ್ಮ ಹಾಡು ಕದ್ದರು’ ಎಂದು ಸಿಟ್ಟಾದರು. ಬೇಡವಾದ ವಸ್ತು ಕಳವಾದರೆ ಯಾರೂ ಪೊಲೀಸರ ಹತ್ತಿರ ಹೋಗುವುದಿಲ್ಲ.

1998ರಲ್ಲಿ ಬೇರೆ ಬಗೆಯ ಹಾಡೊಂದು ಬಂತು. ಹೆಸರು ‘ಹೋಮ್’, ಹಾಡಿದವರು ಕಿಟ್ ಚಾನ್. ಇದರಲ್ಲಿ ಮುಷ್ಟಿ ಬಿಗಿಯುವುದಿಲ್ಲ, ಎದ್ದು ನಿಲ್ಲಿ ಎನ್ನುವುದಿಲ್ಲ. ಎಲ್ಲಿಗೋ ಹೋಗಲಿರುವ, ಹೋಗಿರಬಹುದಾದ ಒಬ್ಬಳು ಊರಿನ ಬೀದಿ, ಕಡಲ ತಡಿ, ಹರಿಯುವ ನದಿ ನೆನೆಯುತ್ತಾಳೆ, ಅಷ್ಟೆ. ಮದುವೆಯಾಗಿ ಹೋದವಳು ತವರು ನೆನೆದ ಹಾಗೆ. ಮೂಲತಃ ಇದು ಕೂಡ ರಾಷ್ಟ್ರೀಯ ದಿನದ ಸಮಾರಂಭದ ಹಾಡೇ. ಬರೆದು ರಾಗ ಹಾಕಿದವರು ಯಾರು ಗೊತ್ತೆ? ಫ್ರೈಡ್ ರ‍ೈಸ್ ಹಾಡಿನ ಡಿಕ್ ಲೀ. ರೇಡಿಯೊ ಬಾಗಿಲು ಹಾಕಿದ ಹುಡುಗನೇ ಇಪ್ಪತ್ತನಾಲ್ಕು ವರ್ಷದ ಮೇಲೆ ದೇಶದ ಅತ್ಯಂತ ಪ್ರೀತಿಯ ಹಾಡು ಕೊಟ್ಟ. 2020ರ ಏಪ್ರಿಲ್ 25ರ ಸಂಜೆ, ಸೋಂಕಿನ ದಿಗ್ಬಂಧನದಲ್ಲಿ, ಜನ ತಮ್ಮ ಫ್ಲ್ಯಾಟುಗಳ ಕಿಟಕಿ, ಬಾಲ್ಕನಿಗಳಲ್ಲಿ ಮೊಬೈಲ್ ಬೆಳಕು ಹಿಡಿದು ಒಟ್ಟಿಗೆ ಹಾಡಿದ್ದು ಇದನ್ನೇ. ಆಸ್ಪತ್ರೆಯ ಸಿಬ್ಬಂದಿಗೆ, ಕೂಲಿಗೆ ಬಂದು ಶಿಬಿರಗಳಲ್ಲಿ ಸಿಕ್ಕಿಕೊಂಡಿದ್ದ ವಲಸೆ ಕಾರ್ಮಿಕರಿಗೆ ಕೃತಜ್ಞತೆ ಎಂದು. ಆ ಕಾರ್ಮಿಕರಲ್ಲಿ ತಮಿಳುನಾಡಿನ, ಬಾಂಗ್ಲಾದ ಹುಡುಗರೇ ಬಹಳ. ‘ಮನೆ’ ಎಂಬ ಹಾಡು ಅವರ ಕಿವಿಗೆ ಹೇಗೆ ಕೇಳಿಸಿತೋ ಎಂದು ನಾನು ಆ ಹೊತ್ತಿಗೆ ಯೋಚಿಸಿದ್ದೆ. ಆ ಯೋಚನೆ ಇನ್ನೂ ಹೋಗಿಲ್ಲ.

ಹಾಗೆಂದು ಬರೆಸಿದ್ದೆಲ್ಲ ಉಳಿಯಲಿಲ್ಲ. ಪ್ರತಿ ಆಗಸ್ಟ್‌ಗೂ ಒಂದು ಹೊಸ ಹಾಡು ಬರುತ್ತದೆ. ಹೆಚ್ಚಿನವು ಸೆಪ್ಟೆಂಬರ್ ನೋಡುವುದಿಲ್ಲ. 2011ರಲ್ಲಿ ರಾಷ್ಟ್ರೀಯ ದಿನದ ಪರೇಡಿನಲ್ಲಿ ಹಂಚುವ ಚೀಲದ ಬಗ್ಗೆ ಒಂದು ಹಾಡನ್ನು ಲೇಡಿ ಗಾಗಾ ಅವರ ಜನಪ್ರಿಯ ರಾಗಕ್ಕೆ ಕಟ್ಟಿ ಬಿಟ್ಟರು. ಜನ ನಕ್ಕರು, ರಾಗದ ಹಕ್ಕುಸ್ವಾಮ್ಯದ ಪ್ರಶ್ನೆಯೂ ಎದ್ದಿತು, ಹಾಡನ್ನು ಹಿಂದಕ್ಕೆ ಪಡೆಯಬೇಕಾಯಿತು. ಹಣ ಅದೇ, ಸರ್ಕಾರ ಅದೇ, ಪ್ರಸಾರವೂ ಅದೇ. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ದುಡ್ಡಿನಿಂದ ಹಾಡು ಸಾಯುವುದಿಲ್ಲ, ದುಡ್ಡಿನಿಂದ ಬದುಕುವುದೂ ಇಲ್ಲ. ಅರಮನೆಯ ಅಪ್ಪಣೆಯಿಂದ ಕಟ್ಟಿದ ಕೃತಿಗಳನ್ನು ನಾವು ಇವತ್ತಿಗೂ ಕಛೇರಿಯಲ್ಲಿ ಕಣ್ಣುಮುಚ್ಚಿ ಕೇಳುತ್ತೇವೆ. ಯಾರು ಸಂಭಾವನೆ ಕೊಟ್ಟರೆಂದು ಕೇಳುವುದಿಲ್ಲ. ನೋಡಬೇಕಾದದ್ದು ಇಷ್ಟು: ಹೇಳಿಸುವವರು ಇಲ್ಲದಾಗಲೂ ಜನ ಅದನ್ನು ಗುನುಗುತ್ತಾರೆಯೇ? ನಿಮ್ಮ ಮೊಮ್ಮಗಳು ಜೂನ್ ರಜೆಯಲ್ಲಿ, ಅಸೆಂಬ್ಲಿ ಇಲ್ಲದ ಊರಿನ ಜಗಲಿಯಲ್ಲಿ ಹಾಡುತ್ತಿದ್ದಾಳೆ. ಮಗನಿಗೆ ಅದನ್ನೊಮ್ಮೆ ತೋರಿಸಿ.

ತಮಿಳು ಹಾಡಿನ ಮಾತು ಉಳಿಯಿತು. ಅದು ಬಹುಶಃ ‘ಮುನ್ನೇರು ವಾಲಿಬಾ’. ಎಸ್. ಜೇಸುದಾಸನ್ ಅರವತ್ತರ ದಶಕದಲ್ಲಿ ಕಟ್ಟಿದ್ದು. ಇದನ್ನು ಯಾವ ಜಾಹೀರಾತು ಕಂಪನಿಯೂ ಮಾಡಲಿಲ್ಲ. ಎಷ್ಟೋ ವರ್ಷ ತಮಿಳು ಮಕ್ಕಳ ಬಾಯಲ್ಲಿ ಓಡಾಡಿ, 1988ರಲ್ಲಿ ‘ಸಿಂಗ್ ಸಿಂಗಾಪುರ್’ ಎಂಬ ಸರ್ಕಾರಿ ಹಾಡುಗಳ ಕಾರ್ಯಕ್ರಮಕ್ಕೆ ಸೇರಿಕೊಂಡಿತು. ಆಮೇಲೆ ಚೀನೀ, ಮಲಯ್ ಮಕ್ಕಳೂ ಕಲಿತರು. ಮುನ್ + ಏರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ವಾಲಿಬನ್ ಎಂದರೆ ಯುವಕ. ‘ಮುನ್ನೇರು’ ಎಂದರೂ ‘ಮಜುಲಾ’ ಎಂದರೂ ಒಂದೇ ಕರೆ. ತಮಿಳಿನಲ್ಲಿ ಹೊಸ ಕಾಲದ ಹಾಡು ಬೇಕೆಂದರೆ 2012ರಲ್ಲಿ ಶಬೀರ್ ಮಾಡಿದ ‘ಸಿಂಗೈ ನಾಡು’ ಕೇಳಿ. ತಾಳ ಮೈ ಅಲುಗಿಸುತ್ತದೆ.

ಕನ್ನಡದ ಮಾತು ಒಂದು ಹೇಳಿ ಮುಗಿಸುತ್ತೇನೆ. ಅಲ್ಲಿನ ಶಾಲೆಯಲ್ಲಿ ಭಾರತೀಯ ಮಕ್ಕಳಿಗೆ ಮಾತೃಭಾಷೆ ಎಂದು ಕಲಿಯಲು ತಮಿಳು ಇದೆ, ಅದಲ್ಲದೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ. ಕನ್ನಡ ಇಲ್ಲ. ಹೀಗಾಗಿ ನಿಮ್ಮ ಮೊಮ್ಮಗಳ ‘ಮಾತೃಭಾಷೆ’ ಅಂಕಪಟ್ಟಿಯಲ್ಲಿ ಹಿಂದಿಯೋ ತಮಿಳೋ ಆಗಿರುತ್ತದೆ, ಜಗಲಿಯಲ್ಲಿ ಮಾತ್ರ ಕನ್ನಡ. ಅವಳಿಗೆ ‘ದಯೂಂಗ್ ಸಂಪಾನ್’ ಎಂಬ ದೋಣಿಯ ಹಾಡು ಬರುತ್ತದೆಯೇ ಕೇಳಿ. ಅಲ್ಲಿನ ಮಕ್ಕಳಿಗೆ ಸಾಮಾನ್ಯವಾಗಿ ಬರುತ್ತದೆ. ಅದು ಹಳೆಯ ಮಲಯ್ ಜಾನಪದ ಧಾಟಿ. ತೈವಾನಿನ ಗಾಯಕಿ ತೆರೇಸಾ ತೆಂಗ್ 1979ರಲ್ಲಿ ಅದೇ ರಾಗಕ್ಕೆ ಮ್ಯಾಂಡರಿನ್ ಪ್ರೇಮಗೀತೆ ಹಾಡಿ ಚೀನೀ ಜಗತ್ತನ್ನೆಲ್ಲ ಮರುಳು ಮಾಡಿದಳು. ಆ ಹಾಡು ಮಲಯ್ ದೋಣಿಯದೆಂದು ಎಷ್ಟೋ ಚೀನೀಯರಿಗೆ ಗೊತ್ತೇ ಇಲ್ಲ. ರಾಗ ಸರಳ, ಹಾರ್ಮೋನಿಯಂಗೆ ಎರಡು ನಿಮಿಷದಲ್ಲಿ ಕೂರುತ್ತದೆ. ಅವಳು ಮಲಯ್‌ನಲ್ಲಿ ಹಾಡಲಿ, ನೀವು ಶರಾವತಿ ಹಿನ್ನೀರಿನ ಲಾಂಚಿನ ಮೇಲೆ ನಾಲ್ಕು ಸಾಲು ಕನ್ನಡದಲ್ಲಿ ಕಟ್ಟಿ ಅದೇ ಧಾಟಿಗೆ ಹೇಳಿಕೊಡಿ. ಆಗಸ್ಟ್‌ನಲ್ಲಿ ಅವಳ ಕ್ಲಾಸಿನಲ್ಲಿ ಅದನ್ನು ಹಾಡಿದರೆ ಏನಾಯಿತೆಂದು ನನಗೂ ಬರೆದು ತಿಳಿಸಿ.